ನಲವತ್ತೊಂದು ಕಲಂಗಳ ಚಿಕ್ಕಮ್ಮ

ಚಿಕ್ಕಮ್ಮನ ತೂಕ ಐವತ್ತೆರಡು ಕಿಲೋ ನಾನೂರು ಗ್ರಾಂ ಎಂದು ಬರೆದವನು ನಾನೇ. ಬರೆಯುವ ಮೊದಲು ಎರಡು ಸಲ ತೂಗಿದ್ದೆ, ಒಮ್ಮೆ ಚಪ್ಪಲಿ ಹಾಕಿಸಿ, ಒಮ್ಮೆ ಬಿಡಿಸಿ. ಎತ್ತರ, ಬಣ್ಣ, ತಯಾರಾದ ವರ್ಷ, ಸದ್ದು ಮಾಡುತ್ತದೆಯೋ ಇಲ್ಲವೋ, ಎಲ್ಲವನ್ನೂ ಕೇಳಿ, ಅಳೆದು, ಅನುಮಾನ ಬಂದು ಇನ್ನೊಮ್ಮೆ ಅಳೆದು ಬರೆದಿದ್ದೆ. ಆಮೇಲೆ ನಡೆದ ಪಜೀತಿಗೆಲ್ಲ ಕಾರಣ ಆ ವಿವರದಲ್ಲಿ ತಪ್ಪಿತ್ತು ಎಂಬುದಲ್ಲ, ತಪ್ಪೇ ಸಿಗಲಿಲ್ಲ ಎಂಬುದು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾವುದನ್ನು ಮೊದಲು ಹೇಳಬೇಕು, ಯಾವುದನ್ನು ಆಮೇಲೆ ಎಂಬುದು ನನಗೆ ಸರಿಯಾಗಿ ಗೊತ್ತಿಲ್ಲ. ಸಂಜೆ ಕಾಲೇಜಿನಲ್ಲಿ ಆ ಪಾಠ ಆದ ವಾರ ನನಗೆ ಜ್ವರ ಬಂದಿತ್ತು.

ನಮ್ಮ ಊರಿನಲ್ಲಿ ಮಾರಾಟಕ್ಕೆಂದು ಫೋನಿನಲ್ಲಿ ಹಾಕಿದ ಸಾಮಾನು ನೆಲ ಬಿಟ್ಟು ಏಳುತ್ತದೆ. ಹಾಕಿದ ಕೂಡಲೇ ಒಂದು ಗೇಣು. ಜನ ಅದರ ವಿವರ ಓದುತ್ತ ಹೋದಂತೆ ಇನ್ನೂ ಮೇಲಕ್ಕೆ. ಕೊಂಡವರ ಮನೆಯ ಹೊಸ್ತಿಲು ಸೇರಿದ ಮೇಲೆಯೇ ಅದು ಇಳಿಯುವುದು. ಹಾಗಾಗಿ ನಮ್ಮಲ್ಲಿ ಸಾಮಾನು ಸಾಗಿಸಲು ಲಾರಿ ಬೇಕಿಲ್ಲ, ದಾರ ಬೇಕು. ಬಸ್ ಸ್ಟ್ಯಾಂಡಿನ ಹಿಂದಿರುವ ಡೆಲಿವರಿ ಅಂಗಳದಲ್ಲಿ ಹನ್ನೊಂದು ವರ್ಷದಿಂದ ದಾರ ಕಟ್ಟುವ ಕೆಲಸ ನನ್ನದು. ರುಬ್ಬುವ ಕಲ್ಲಿಗೆ ಎರಡೆಳೆ, ಬೀರುವಿಗೆ ಮೂಲೆಗೊಂದರಂತೆ ನಾಲ್ಕು, ಗಾಜಿನ ಸಾಮಾನಿಗೆ ಮೆತ್ತನೆಯ ಹತ್ತಿ ದಾರ. ನಾನು ಕಟ್ಟಿಕೊಟ್ಟ ದಾರಗಳ ತುದಿಯನ್ನೆಲ್ಲ ನೂರ್‌ಜಾನ್ ಅಕ್ಕ ಎಡಗೈಗೆ ಸುತ್ತಿಕೊಂಡು, ಹತ್ತಿಪ್ಪತ್ತು ಸಾಮಾನನ್ನು ತಲೆಯ ಮೇಲೆ ತೇಲಿಸಿಕೊಂಡು, ಎಲೆಅಡಿಕೆ ಜಗಿಯುತ್ತ ಮನೆಮನೆಗೆ ಹೊರಡುತ್ತಾಳೆ. ಗಾಳಿ ಬೀಸಿದರೆ ಮೇಲೆ ಕುಕ್ಕರಿಗೂ ಟ್ರಂಕಿಗೂ ಡಿಕ್ಕಿಯಾಗಿ ಢಣ್ ಎನ್ನುತ್ತದೆ. "ಸುಮ್ನೆ ಬರ್ರೋ, ಜಗಳ ಆಡ್ಬೇಡಿ" ಎಂದು ಅವಳು ತಲೆಯೆತ್ತದೆಯೇ ಗದರುತ್ತಾಳೆ.

ಎಲ್ಲವೂ ಒಂದೇ ಥರ ಏಳುವುದಿಲ್ಲ. ಬಾಡಿಗೆಗೆ ಹೋದ ಮಂಚ ಇಳಿದ ಮೇಲೂ ಒಂದು ಕಾಲನ್ನು ಎತ್ತಿಕೊಂಡೇ ಇರುತ್ತದೆ, ವಾಪಸು ಹೋಗಬೇಕು ಎಂಬ ನೆನಪಿಗೆ. ತಿಂಗಳ ಚಂದಾಕ್ಕೆ ಕೊಡುವ ತುಪ್ಪದ ಡಬ್ಬಿಗಳು ಒಂದನೇ ತಾರೀಕಿನ ಬೆಳಿಗ್ಗೆ ತಾವಾಗಿಯೇ ಎದ್ದು ಬಾಗಿಲ ಬಳಿ ಸಾಲಾಗಿ ನಿಲ್ಲುತ್ತವೆ. ಕೈಗೆ ಸಿಗದ ಸರಕಿನ ಕಥೆ ಬೇರೆ: ರಂಗೋಲಿ ಚಿತ್ರ, ರವಿಕೆ ಕತ್ತರಿಸುವ ಅಳತೆ, ಹತ್ತನೇ ತರಗತಿಯ ನೋಟ್ಸು. ಅವನ್ನು ಎಷ್ಟು ಜನಕ್ಕೆ ಮಾರಿದರೂ ಮಾರಿದವರ ಹತ್ತಿರವೇ ಉಳಿಯುತ್ತವೆ. ಆದರೆ ಒಂದೊಂದು ಮಾರಾಟಕ್ಕೂ ಮಾಡಿದವರ ತಲೆಗೂದಲು ಒಂದು ಕ್ಷಣ ನೆಟ್ಟಗೆ ನಿಲ್ಲುತ್ತದೆ. ನಮ್ಮ ಎದುರುಮನೆಯ ರಂಗೋಲಿ ಟೀಚರು ಹಬ್ಬದ ಹಿಂದಿನ ವಾರವೆಲ್ಲ ತಲೆಗೆ ಟವೆಲ್ ಸುತ್ತಿಕೊಂಡೇ ಓಡಾಡುತ್ತಾರೆ. ಕೊನೆಯದು ಸೇವೆ. ಕ್ಷೌರ, ಪಾಠ, ಪೈಪು ರಿಪೇರಿ ಇಂಥದ್ದು. ಸೇವೆಗೆ ಹೆಸರು ಹಾಕಿಕೊಂಡವರು, ಯಾರಾದರೂ ಕರೆದಾಗ, ನೆಲದಿಂದ ಒಂದು ಬೆರಳಷ್ಟು ಏಳುತ್ತಾರೆ. ಕೆಲಸ ಮುಗಿದರೆ ಇಳಿಯುತ್ತಾರೆ. ಅಷ್ಟೇ. ಬೀದಿಯಲ್ಲಿ ಯಾರಾದರೂ ಚಪ್ಪಲಿಯ ಸದ್ದಿಲ್ಲದೆ ಬಂದರೆ, ಇವರಿಗೆ ಎಲ್ಲೋ ಕರೆ ಬಂದಿದೆ ಎಂದು ನಾವು ದಾರಿ ಬಿಡುತ್ತೇವೆ.

ನನ್ನ ಚಪ್ಪಲಿ ಮೊದಲಿನಿಂದಲೂ ಸದ್ದು ಮಾಡುತ್ತದೆ.

ದಾರ ಕಟ್ಟುವವನಾಗಿಯೇ ಉಳಿಯಬಾರದು, ಸಾಮಾನಿನ ವಿವರ ಬರೆಯುವವನಾಗಬೇಕು ಎಂಬ ಆಸೆಯಿಂದ ಎರಡು ವರ್ಷ ಸಂಜೆ ಕಾಲೇಜಿಗೆ ಹೋದೆ. ಪದ್ಮಿನಿ ಮೇಡಂ ಬೋರ್ಡಿನ ಮೇಲೆ ನಾಲ್ಕು ಗೆರೆ ಎಳೆದು, ಹಿಡಿಯೋಕೆ ಬರೋದು, ಹಿಡಿಯೋಕೆ ಬಾರದ್ದು, ತಿಂಗಳು ತಿಂಗಳು ಮರಳಿ ಬರೋದು, ಮನುಷ್ಯರು ಬಂದು ಮಾಡಿಕೊಡೋದು ಎಂದು ಬರೆಸುತ್ತಿದ್ದರು. "ಯಾವ ಕಲಮನ್ನೂ ಖಾಲಿ ಬಿಡಬೇಡಿ. ಗೊತ್ತಿಲ್ಲದಿದ್ದರೆ ಹೋಗಿ ಕೇಳಿ. ಇರೋದನ್ನ ಬರೀರಿ, ಇಲ್ಲದ್ದನ್ನ ಬರೀಬೇಡಿ" ಎನ್ನುತ್ತಿದ್ದರು. ನಾನು ಎರಡನೇ ಪ್ರಯತ್ನದಲ್ಲಿ ಪಾಸಾದೆ. ಸರ್ಟಿಫಿಕೇಟನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಬೀರುವಿನಲ್ಲಿ ಇಟ್ಟೆ. ಬರೆದುಕೊಡು ಎಂದು ಯಾರೂ ಕೇಳಲಿಲ್ಲ. ಕೇಳದಿದ್ದದ್ದೇ ಒಳ್ಳೆಯದಾಯಿತು, ಏನಾದರೂ ತಪ್ಪು ಮಾಡುತ್ತಿದ್ದೆ ಎಂದುಕೊಂಡೆ.

ಚಿಕ್ಕಮ್ಮ ಅಂದರೆ ಚೆನ್ನಾಜಮ್ಮ, ನನ್ನ ತಾಯಿಯ ತಂಗಿ. ತಾಯಿ ಹೋದಾಗ ನನಗೆ ಒಂಬತ್ತು ವರ್ಷ. ಆಗಿನಿಂದ ನಮ್ಮ ಮನೆಯಲ್ಲಿ ನಾವಿಬ್ಬರೇ. ಚಿಕ್ಕಮ್ಮನ ಕೆಲಸ ಉಪ್ಪು ನೋಡುವುದು. ಮದುವೆ, ಗೃಹಪ್ರವೇಶದ ಅಡುಗೆಯನ್ನು ಪಂಕ್ತಿಗೆ ಬಡಿಸುವ ಮೊದಲು ಯಾರೂ ಬಾಯಿಗೆ ಹಾಕುವ ಹಾಗಿಲ್ಲ, ಎಂಜಲಾಗುತ್ತದೆ. ಮತ್ತೆ ಐನೂರು ಜನರ ಹುಳಿಗೆ ಉಪ್ಪು ಸರಿಯಾಗಿದೆಯೇ ಎಂದು ತಿಳಿಯುವುದು ಹೇಗೆ? ಚಿಕ್ಕಮ್ಮ ಕೊಳಗದ ಹತ್ತಿರ ಹೋಗಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹಬೆಗೆ ಮೂಗು ಒಡ್ಡಿ, "ಎರಡು ಹಿಡಿ ಬೇಕು" ಎನ್ನುತ್ತಾಳೆ. ಎರಡು ಹಿಡಿ ಎಂದರೆ ಎರಡೇ ಹಿಡಿ. ಮೂವತ್ತು ವರ್ಷದಲ್ಲಿ ಒಂದು ಸಲವೂ ತಪ್ಪಿಲ್ಲ.

ಈಗಿನ ಅಡುಗೆಯವರು ಚಮಚದಲ್ಲಿ ಅಳೆದು, ಪೊಟ್ಟಣದ ಪುಡಿ ಸುರಿದು ಮುಗಿಸುತ್ತಾರೆ. ಮೂರು ತಿಂಗಳಿನಿಂದ ಚಿಕ್ಕಮ್ಮನನ್ನು ಯಾರೂ ಕರೆದಿರಲಿಲ್ಲ. ಅವಳು ದಿನಾ ಬೆಳಿಗ್ಗೆ ಚಪ್ಪಲಿ ಒರೆಸಿ ಬಾಗಿಲಲ್ಲಿ ಇಡುತ್ತಿದ್ದಳು, ಸಂಜೆ ಎತ್ತಿ ಒಳಗಿಡುತ್ತಿದ್ದಳು. ನಾನೇನು ಮಾಡಬಲ್ಲೆ? ಊಟಕ್ಕೆ ಕೂತಾಗ ತಟ್ಟೆಯನ್ನು ಅವಳ ಮುಂದೆ ಹಿಡಿದು "ಉಪ್ಪು ನೋಡು ಚಿಕ್ಕಮ್ಮ" ಎನ್ನುತ್ತಿದ್ದೆ. ಅದೇನೂ ಸಹಾಯವಲ್ಲ, ಅಡುಗೆ ಮಾಡಿದವಳೂ ಅವಳೇ.

ಒಂದು ದಿನ ಅವಳೇ ಬಾಯಿಬಿಟ್ಟಳು. "ಲೋ ಗುರುಮಲ್ಲು, ಊರೋರ ಕುಕ್ಕರು ಮಂಚ ಎಲ್ಲಾ ಹಾರಿಸ್ತೀಯ. ನನ್ನೂ ಒಸಿ ಹಾಕೋ."

ನನ್ನ ಮೊದಲ ಬರವಣಿಗೆಯ ಕೆಲಸ. ಕೈ ತೊಳೆದುಕೊಂಡು ಬಂದು ಕೂತೆ. ಫೋನಿನಲ್ಲಿ ಸೇವೆಯ ಫಾರಂ ತೆರೆದೆ. ಮೂರೇ ಸಾಲು: ಹೆಸರು, ಕೆಲಸ, ಯಾಕೆ ಕರೆಯಬೇಕು. ನೋಡಿ ಬೇಜಾರಾಯಿತು. ಇಷ್ಟು ದೊಡ್ಡ ಜೀವಕ್ಕೆ ಮೂರು ಸಾಲೇ? ಪಕ್ಕದಲ್ಲೇ ವಸ್ತುವಿನ ಫಾರಂ ಇತ್ತು, ನಲವತ್ತೊಂದು ಕಲಂ, ಉದ್ದಕ್ಕೂ ಜಾಗ. ಅದರಲ್ಲಾದರೆ ಅವಳ ಒಂದು ಗುಣವೂ ಬಿಟ್ಟುಹೋಗುವುದಿಲ್ಲ ಎನಿಸಿತು. ಫಾರಂ ಯಾವುದಾದರೇನು, ಓದುವವರಿಗೆ ವಿಷಯ ತಿಳಿದರಾಯಿತು ಎಂದುಕೊಂಡೆ. ಹನ್ನೊಂದು ವರ್ಷ ದಾರ ಕಟ್ಟಿದವನು ಹಾಗೆ ಅಂದುಕೊಂಡದ್ದು ಹೇಗೆ ಎಂದು ಈಗಲೂ ಯೋಚಿಸುತ್ತೇನೆ. ಪ್ರೀತಿಗೆ ಜಾಗ ಸಾಲದೆ ಬಂದಾಗ ಬುದ್ಧಿ ಪಕ್ಕಕ್ಕೆ ಸರಿದು ಕೂರುತ್ತದೆಯೋ ಏನೋ.

"ಬಣ್ಣ?" ಎಂದೆ.

"ಉಪ್ಪು ನೋಡೋಕೆ ಬಣ್ಣ ಯಾತಕ್ಕೋ?"

"ಕಲಂ ಇದೆ ಚಿಕ್ಕಮ್ಮ. ಖಾಲಿ ಬಿಡೋ ಹಾಗಿಲ್ಲ."

"ಎಣ್ಣೆಗೆಂಪು ಅಂತ ಬರಿ."

ಕಿಟಕಿಯ ಬಳಿ ನಿಲ್ಲಿಸಿ ನೋಡಿದೆ. ಎಣ್ಣೆಗೆಂಪು, ಬಿಸಿಲಲ್ಲಿ ಎಣ್ಣೆಗಪ್ಪು ಎಂದು ಬರೆದೆ.

"ಒಡೆಯುವ ಸಾಮಾನೇ ಅಂತ ಕೇಳಿದ್ದಾರೆ."

"ಬಂದು ಮುಟ್ಟಿ ನೋಡ್ಲಿ, ಯಾರು ಒಡೀತಾರೆ ಅಂತ ಗೊತ್ತಾಗುತ್ತೆ."

ಸುಲಭಕ್ಕೆ ಒಡೆಯುವುದಿಲ್ಲ ಎಂದು ಬರೆದೆ. ಸದ್ದು: ಕೋಪ ಬಂದಾಗ ಮಾತ್ರ, ಐದು ನಿಮಿಷ. ನೀರು ತಾಗಿದರೆ: ಶೀತವಾಗುತ್ತದೆ. ಜೋಪಾನ ಮಾಡುವ ವಿಧಾನ: ಮಧ್ಯಾಹ್ನ ಅರ್ಧ ಗಂಟೆ ಮಲಗಲು ಬಿಡಬೇಕು. ದಾಸ್ತಾನು: ಒಂದು. ಬೆಲೆಯ ಜಾಗದಲ್ಲಿ ಅವಳು ಒಂದು ಮದುವೆಗೆ ತೆಗೆದುಕೊಳ್ಳುವ ದಕ್ಷಿಣೆಯನ್ನೇ ಹಾಕಿದೆ. ನಲವತ್ತು ಕಲಂ ಮುಗಿಯುವ ಹೊತ್ತಿಗೆ ಅವಳು ಗೋಡೆಗೊರಗಿ ತೂಕಡಿಸುತ್ತಿದ್ದಳು. ನಲವತ್ತೊಂದನೆಯದು, ಜೊತೆಗೆ ಬರುವ ಬಿಡಿಭಾಗ. ಅವಳಿಗೆ ಜೊತೆಯಾಗಿ ಇರುವವನು ನಾನೊಬ್ಬನೇ. ಇರುವುದನ್ನು ಬರೆಯಬೇಕಲ್ಲ. 'ಅಕ್ಕನ ಮಗ ಒಬ್ಬನಿದ್ದಾನೆ. ಪ್ರಯೋಜನಕ್ಕೆ ಬರುವವನಲ್ಲ' ಎಂದು ಬರೆದು, ಅವಳನ್ನು ಎಬ್ಬಿಸದೆ, ಒತ್ತಿದೆ.

ಚಿಕ್ಕಮ್ಮ ಕೂತ ಭಂಗಿಯಲ್ಲೇ ಒಂದು ಗೇಣು ಎದ್ದಳು. ಕಣ್ಣುಬಿಟ್ಟು ಕೆಳಗೆ ನೋಡಿ, "ಅಯ್ಯೋ ನನ್ನಪ್ಪನೇ" ಎಂದು ನಗತೊಡಗಿದಳು. ಆ ನಗು ನಿಲ್ಲಲಿಲ್ಲ. ಅವಳು ಏರುತ್ತ ಹೋದಂತೆ ನಗುವೂ ಏರಿತು. "ಲೋ! ಅಟ್ಟದ ಮೇಲೆ ನಿಮ್ಮಜ್ಜಿ ಹಿತ್ತಾಳೆ ಕೊಳಗ ಇದೆ ಕಣೋ! ಕಳೆದೋಯ್ತು ಅಂತ ಇಪ್ಪತ್ತು ವರ್ಷ ಅತ್ತಿದ್ದೆ!" ನಾನು ಓಡಿಹೋಗಿ ಮೂರೆಳೆ ದಾರ ತಂದು ಸೊಂಟಕ್ಕೆ ಕಟ್ಟಿದೆ. ಹೆಂಚಿಗೆ ತಲೆ ತಾಗುವ ಮೊದಲು ಅಂಗಳಕ್ಕೆ ಎಳೆದುಕೊಂಡು ಬಂದು ದಾರದ ತುದಿಯನ್ನು ತುಳಸಿಕಟ್ಟೆಗೆ ಬಿಗಿದೆ.

ಅದೆಷ್ಟು ಜನ ಓದಿದರೋ! ಸಂಜೆಗೆ ಅವಳು ತೆಂಗಿನಮರದ ಅರ್ಧದಷ್ಟು ಮೇಲಿದ್ದಳು. ಅಲ್ಲಿಂದಲೇ ಬೀದಿಯ ತಾರಸಿಗಳಿಗೆಲ್ಲ ಮೂಗು ಒಡ್ಡಿ, "ಕಮಲಮ್ಮಾ, ನಿಮ್ಮ ಹಪ್ಪಳಕ್ಕೆ ಉಪ್ಪು ಕಮ್ಮಿ! ಟೀಚರಮ್ಮ, ಮಜ್ಜಿಗೆ ಮೆಣಸಿನಕಾಯಿ ಸರಿಯಾಗಿದೆ, ಎತ್ತಿಟ್ಕೊಳ್ಳಿ!" ಎಂದು ಕೂಗಿ ಹೇಳುತ್ತಿದ್ದಳು. ಊಟವನ್ನು ಬುಟ್ಟಿಯಲ್ಲಿಟ್ಟು ಗಳದ ತುದಿಯಿಂದ ಕಳಿಸಿದೆ. ಮಕ್ಕಳು ಬಂದು ದಾರ ಜಗ್ಗಿ ಓಡಿಹೋದವು. ಮೂರು ತಿಂಗಳಲ್ಲಿ ಅವಳ ಮುಖ ಹಾಗೆ ಅರಳಿದ್ದನ್ನು ನಾನು ನೋಡಿರಲಿಲ್ಲ. ಸೇವೆಗೆ ಹಾಕಿಕೊಂಡವರು ಏಳುವುದು ಬೆರಳಷ್ಟು, ಅದೂ ಕರೆ ಬಂದಾಗ ಮಾತ್ರ ಎಂಬುದು ನನಗೆ ನೆನಪಾಗಬೇಕಿತ್ತು. ಆಗಲಿಲ್ಲ. ವಿವರ ಚೆನ್ನಾಗಿ ಬಂದಿದೆ, ಅದಕ್ಕೇ ಇಷ್ಟು ಎತ್ತರ ಎಂದುಕೊಂಡು, ಹಾಗೆ ಅಂದುಕೊಂಡದ್ದಕ್ಕೆ ನಾಚಿಕೊಂಡೆ.

ಮೂರನೆಯ ದಿನ ಬೆಳಿಗ್ಗೆ ನೂರ್‌ಜಾನ್ ಅಕ್ಕ ಚೀಟಿ ಹಿಡಿದು ಬಂದಳು. ಹಿಂದೆ ಒಂದು ಮಿಕ್ಸಿ, ಎರಡು ಕುರ್ಚಿ, ಒಂದು ಬೀರು ತೇಲುತ್ತಿದ್ದವು.

"ಹಳೇ ಮಾರ್ಕೆಟ್ಟು, ಪುಟ್ಟಮಾದಪ್ಪನ ಮೆಸ್ಸು. ಸಾಮಾನು ಎಲ್ಲಿ?"

ನಾನು ಮೇಲೆ ತೋರಿಸಿದೆ. ಅವಳು ಮೇಲೆ ನೋಡಿದಳು, ಚೀಟಿ ನೋಡಿದಳು, ನನ್ನನ್ನು ನೋಡಿದಳು. ಬಾಯಲ್ಲಿದ್ದ ಎಲೆಅಡಿಕೆಯನ್ನು ಮೋರಿಗೆ ಉಗಿದು ಬಂದಳು. ಅವಳು ಅರ್ಧದಲ್ಲಿ ಉಗಿದದ್ದನ್ನು ನಾನು ಎಂದೂ ಕಂಡಿರಲಿಲ್ಲ.

"ಸೇವೆಗೆ ಕರೆಯೋ ಚೀಟಿ ಹಳದಿ ಕಣೋ ಗುರುಮಲ್ಲು. ಇದು ನೀಲಿ. ನೀಲಿ ಅಂದ್ರೆ ವಸ್ತು. ನೀನು ನಿಮ್ಮ ಚಿಕ್ಕಮ್ಮನ್ನ ಮಾರ್ಬಿಟ್ಟಿದ್ದೀಯ."

ನಾನು ತುಳಸಿಕಟ್ಟೆಯ ಮೇಲೆ ಕೂತುಬಿಟ್ಟೆ.

"ಏನಂತೋ ಕೆಳಗೆ?" ಚಿಕ್ಕಮ್ಮ ಕೂಗಿದಳು. "ಕರೆ ಬಂತಾ?"

"ಬಂತು ಚಿಕ್ಕಮ್ಮ. ಆದರೆ..."

ಆದರೆ ಎಂಬುದರ ಮುಂದಿನದನ್ನು ತಲೆಯೆತ್ತಿ ಕೂಗಿ ಹೇಳಬೇಕಾಯಿತು. ಇಡೀ ಬೀದಿಗೆ ಕೇಳಿಸಿತು. ಚಿಕ್ಕಮ್ಮ ಬೈಯತೊಡಗಿದಳು. ನಾನು ಗಡಿಯಾರ ನೋಡಿದೆ. ಸರಿಯಾಗಿ ಐದು ನಿಮಿಷ. ಆಮೇಲೆ, "ಸರಿ, ನಡಿ, ಮೊದ್ಲು ಹೋಗಿ ಇಳಿಯೋಣ. ಕಾಲು ಜೋಮು ಹಿಡಿದದೆ" ಎಂದಳು. ಕೊಂಡವರ ಹೊಸ್ತಿಲು ಸೇರದೆ ಇಳಿಯುವ ದಾರಿ ಬೇರೆ ಇಲ್ಲ.

ಹೀಗೆ ಚಿಕ್ಕಮ್ಮ ಮಿಕ್ಸಿ ಮತ್ತು ಬೀರುವಿನ ನಡುವೆ ತೇಲುತ್ತ, ಒಂದು ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಅದರ ಮೇಲೆ ಕೂತು, ಊರೆಲ್ಲ ದಾಟಿ ಹೋದಳು. ಜನ ಕಿಟಕಿಯಿಂದ ಕೈಬೀಸಿದರು. ಅವಳೂ ಬೀಸಿದಳು.

ಪುಟ್ಟಮಾದಪ್ಪನವರು ದುಂಡನೆಯ ಮನುಷ್ಯ, ಹೆಗಲ ಮೇಲೆ ಟವೆಲ್, ಮುಖದ ತುಂಬ ಬೆವರು ಮತ್ತು ನಗು. ಮೆಸ್ಸಿನ ಹೊಸ್ತಿಲಲ್ಲಿ ಕೈಮುಗಿದು ನಿಂತಿದ್ದರು. ಚಿಕ್ಕಮ್ಮನ ಕಾಲು ಹೊಸ್ತಿಲಿಗೆ ತಾಗಿದ ಕೂಡಲೇ ಅವಳು ಮೂಗೆತ್ತಿ, "ಸಾರಿಗೆ ಉಪ್ಪು ಜಾಸ್ತಿ. ನಾಲ್ಕು ಆಲೂಗೆಡ್ಡೆ ಹೆಚ್ಚಿ ಹಾಕಿ" ಎಂದಳು. ಒಳಗೆ ಉಣ್ಣುತ್ತಿದ್ದ ಅಷ್ಟೂ ಜನ ಚಪ್ಪಾಳೆ ಹೊಡೆದರು. ಅವರು ವಾರದಿಂದ ಅಂಥದ್ದೇ ಉಪ್ಪುಪ್ಪು ಸಾರಿಗೆ ನೀರು ಬೆರೆಸಿ ಉಣ್ಣುತ್ತಿದ್ದರಂತೆ.

ಆ ದಿನ ಎಲ್ಲ ಚೆನ್ನಾಗಿತ್ತು. ಸಂಜೆ ಚಿಕ್ಕಮ್ಮ ಕೈ ಒರೆಸಿಕೊಂಡು, "ಸರಿ ಸ್ವಾಮಿ, ನಾ ಬತ್ತೀನಿ" ಎಂದು ಹೊರಟಳು. ಓಣಿಯ ತಿರುವಿನವರೆಗೆ ಬಂದಳು. ಅಲ್ಲಿ ಅವಳ ಕಾಲು ರುಬ್ಬುವ ಕಲ್ಲಿನಷ್ಟು ಭಾರವಾಯಿತು. ನಾನು ಎಳೆದೆ, ನೂರ್‌ಜಾನ್ ಅಕ್ಕ ಎಳೆದಳು, ಮೆಸ್ಸಿನ ನಾಲ್ಕು ಜನ ಬಂದು ಎಳೆದರು. ಆಗಲಿಲ್ಲ. ಕೊಂಡ ಸಾಮಾನು ಕೊಂಡವರ ಮನೆ ಬಿಟ್ಟು ಹೋಗುವುದಿಲ್ಲ. ಮೆಸ್ಸಿನ ಕಡೆಗೆ ತಿರುಗಿ ಒಂದು ಹೆಜ್ಜೆ ಇಟ್ಟಳು, ಕಾಲು ಹಗುರವಾಯಿತು.

"ಅಮ್ಮಾವ್ರೇ, ನಾನು ಉಪ್ಪು ನೋಡೋಕೆ ಅಂತ ತರಿಸಿದ್ದು," ಪುಟ್ಟಮಾದಪ್ಪನವರು ಟವೆಲ್ಲಿನಿಂದ ಮುಖ ಒರೆಸಿಕೊಂಡರು. "ಪೂರ್ತಿ ನೀವೇ ನನ್ನೋರಾಗ್ಬಿಡ್ತೀರಿ ಅಂತ ಗೊತ್ತಿರ್ಲಿಲ್ಲ. ವಿವರ ಎಷ್ಟು ಚೆನ್ನಾಗಿತ್ತು ಅಂದ್ರೆ, ಓದ್ತಾ ಓದ್ತಾ ಕೈ ತಾನಾಗೇ ಒತ್ತಿಬಿಡ್ತು. ಬೇಕಾದ್ರೆ ಗುರುಮಲ್ಲು ಹೆಸರಿಗೇ ಮಾರಿಬಿಡ್ತೀನಿ."

"ಏನು, ಹಳೇ ಸಾಮಾನಿನ ಸಾಲಲ್ಲಿ ಹಾಕ್ತೀರಾ ನನ್ನ?" ಚಿಕ್ಕಮ್ಮನ ಮೂಗಿನ ಹೊಳ್ಳೆ ಅರಳಿತು. "ನಾನೇನು ಸೆಕೆಂಡ್ ಹ್ಯಾಂಡಾ? ನೋಡಿ ಸ್ವಾಮಿ, ನಿಮ್ಮ ಮೆಸ್ಸು ಚೆನ್ನಾಗಿದೆ, ನೀವೂ ಒಳ್ಳೇರು. ಕರೆದ್ರೆ ನೂರು ಸಲ ಬತ್ತೀನಿ. ಇಟ್ಕೊಂಡ್ರೆ ಒಂದಿನ ಇರಲ್ಲ. ನನ್ನ ಮನೆ ಬೀಗದ ಕೈ ನನ್ನ ಸೊಂಟದಲ್ಲೇ ಇರ್ಬೇಕು, ಅದರ ಬಾಗಿಲು ನಾನೇ ತೆಗೀಬೇಕು."

ಉಳಿದದ್ದು ಒಂದೇ ದಾರಿ, ವಾಪಸಿ. ಏಳು ದಿನದೊಳಗೆ, ಏಳನೆಯ ದಿನ ದೀಪ ಹಚ್ಚುವ ಮೊದಲು, ಕೊಂಡವರು ಹೊಸ್ತಿಲ ಮೇಲೆ ನಿಂತು, ವಿವರದಲ್ಲಿ ಇರುವುದು ಒಂದು, ಸಾಮಾನಿನಲ್ಲಿ ಇರುವುದು ಇನ್ನೊಂದು ಎಂದು ತೋರಿಸಬೇಕು. ಆ ಮಾತು ನಿಜವಾಗಿದ್ದರೆ ಸಾಮಾನು ತಾನಾಗಿ ಏಳುತ್ತದೆ, ಬಂದ ಮನೆಗೆ ಹೋಗುತ್ತದೆ. ಸುಳ್ಳಾಗಿದ್ದರೆ ಕದಲುವುದಿಲ್ಲ. ಒಂದೇ ಒಂದು ತಪ್ಪು ಸಾಕು. ನನಗೆ ಧೈರ್ಯ ಬಂತು. ನಾನು ಬರೆದದ್ದರಲ್ಲಿ ತಪ್ಪು ಇಲ್ಲದೆ ಇರುತ್ತದೆಯೇ?

ಇರಲಿಲ್ಲ. ಆರು ದಿನ ಹುಡುಕಿದೆವು. ಮೆಸ್ಸಿನ ತಕ್ಕಡಿಯಲ್ಲಿ ತೂಗಿದೆವು, ಐವತ್ತೆರಡು ಕಿಲೋ ನಾನೂರು ಗ್ರಾಂ. ಹೊಟ್ಟೆ ತುಂಬ ಹೋಳಿಗೆ ತಿನ್ನಿಸಿ ತೂಗಿದೆವು, 'ಊಟದ ನಂತರ ಮುನ್ನೂರು ಗ್ರಾಂ ಹೆಚ್ಚು' ಎಂದು ನಾನು ಅದನ್ನೂ ಬರೆದಿದ್ದೆ. ಬಿಸಿಲಲ್ಲಿ ನಿಲ್ಲಿಸಿದೆವು, ಎಣ್ಣೆಗಪ್ಪು. ತಲೆಯ ಮೇಲೆ ಒಂದು ತಂಬಿಗೆ ನೀರು ಹುಯ್ದೆವು, ಸಂಜೆಗೆ ಸೀನತೊಡಗಿದಳು. ನೂರ್‌ಜಾನ್ ಅಕ್ಕ ಬೇಕೆಂದೇ ಅವಳ ಚಪ್ಪಲಿ ಬಚ್ಚಿಟ್ಟು ಕೋಪ ಬರಿಸಿದಳು, ಊಟಕ್ಕೆ ಬಂದವರೆಲ್ಲ ಗಡಿಯಾರ ಹಿಡಿದು ನಿಂತರು. ನಾಲ್ಕು ನಿಮಿಷ ಐವತ್ತೊಂಬತ್ತು ಸೆಕೆಂಡು, ಐದು. ಬಾಯಿ ಮುಚ್ಚಿತು. "ಭೇಷ್!" ಎಂದು ಎಲ್ಲರೂ ಕೂಗಿ, ಆಮೇಲೆ ಇದು ಸಂತೋಷಪಡುವ ವಿಷಯವಲ್ಲ ಎಂದು ನೆನಪಾಗಿ ಸಪ್ಪಗಾದರು. ಮೆಸ್ಸಿಗೆ ಹಿಂದೆಂದೂ ಇಲ್ಲದಷ್ಟು ಜನ ಬರತೊಡಗಿದರು. ಹುಳಿ ತಿನ್ನಲು ಅರ್ಧ ಜನ, ತಪ್ಪು ಹುಡುಕಲು ಅರ್ಧ ಜನ.

ಆರನೆಯ ದಿನ ನಾನು ಅವಳ ಕಿವಿಯಲ್ಲಿ ಹೇಳಿದೆ. "ಚಿಕ್ಕಮ್ಮ, ಒಂದು ಸಲ, ಒಂದೇ ಸಲ, ಸರಿಯಾಗಿರೋ ಹುಳಿಗೆ ಉಪ್ಪು ಕಮ್ಮಿ ಅಂದುಬಿಡು. ಉಪ್ಪು ನೋಡೋದ್ರಲ್ಲಿ ತಪ್ಪಿದ ಹಾಗಾಗುತ್ತೆ."

ಅವಳು ಕೈಯಲ್ಲಿದ್ದ ಸೌಟು ಕೆಳಗಿಟ್ಟಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಇಲ್ಲೇ ಇದ್ದು ಸಾಯ್ತೀನಿ ಕಣೋ. ಉಪ್ಪಿನ ವಿಷಯದಲ್ಲಿ ಸುಳ್ಳು ಹೇಳಲ್ಲ."

ಏಳನೆಯ ದಿನ ಸಂಜೆ ಪುಟ್ಟಮಾದಪ್ಪನವರು ಕನ್ನಡಕ ಹಾಕಿಕೊಂಡು ಹೊಸ್ತಿಲ ಮೇಲೆ ಕೂತು, ಫೋನು ಹಿಡಿದು, ಮೊದಲ ಕಲಮಿನಿಂದ ಮತ್ತೆ ಓದತೊಡಗಿದರು. ಒಳಗಿನವರೆಲ್ಲ ಎಂಜಲು ಕೈಯಲ್ಲೇ ಬಂದು ಸುತ್ತ ನಿಂತರು. ಚಿಕ್ಕಮ್ಮ ಒಳಗೆ ಅನ್ನ ಬಸಿಯುತ್ತಿದ್ದಳು. ಬಿಸಿಲು ಎದುರಿನ ಗೋಡೆಯ ತುದಿಗೆ ಹೋಗಿತ್ತು. ಒಂದೊಂದು ಕಲಮಿಗೂ ಎಲ್ಲರೂ "ಸರಿಯಾಗಿದೆ" ಎಂದರು. ಮೂವತ್ತೆಂಟು, ಸರಿಯಾಗಿದೆ. ಮೂವತ್ತೊಂಬತ್ತು, ಸರಿಯಾಗಿದೆ. ನಲವತ್ತು, ಸರಿಯಾಗಿದೆ.

"ಮುಗೀತು," ಎಂದೆ.

"ಕೆಳಗೆ ಇನ್ನೊಂದಿದೆಯಲ್ಲಪ್ಪ."

"ಅದನ್ನ ಬಿಡಿ ಸಾರ್. ಅದು ಸರಿಯಾಗೇ ಇದೆ." ಆರು ದಿನವೂ ಆ ಸಾಲು ಬಂದಾಗ ನಾನೇ ಹೀಗೆ ಹೇಳಿ ದಾಟಿಸಿದ್ದೆ. ಪರೀಕ್ಷೆ ಮಾಡುವಂಥದ್ದು ಅದರಲ್ಲಿ ಏನಿತ್ತು?

ಅವರು ಕನ್ನಡಕ ಸರಿಮಾಡಿಕೊಂಡು ಜೋರಾಗಿ ಓದಿದರು. "ಜೊತೆಗೆ ಬರುವ ಬಿಡಿಭಾಗ. ಅಕ್ಕನ ಮಗ ಒಬ್ಬನಿದ್ದಾನೆ. ಪ್ರಯೋಜನಕ್ಕೆ ಬರುವವನಲ್ಲ."

ಒಳಗೆ ತಟ್ಟೆ ಕೆಳಗಿಟ್ಟ ಸದ್ದಾಯಿತು. ಚಿಕ್ಕಮ್ಮ ಸೌಟು ಹಿಡಿದೇ ಹೊಸ್ತಿಲಿಗೆ ಬಂದಳು. "ಇನ್ನೊಂದ್ಸಲ ಓದಿ."

ಅ‌ವರು ಇನ್ನೊಮ್ಮೆ ಓದಿದರು.

"ಯಾವನೋ ಬರೆದೋನು ಇದನ್ನ?"

"ನಾನೇ ಚಿಕ್ಕಮ್ಮ. ಕಲಂ ಖಾಲಿ ಬಿಡಬಾರದು ಅಂತ..."

"ಇದು ಸುಳ್ಳು," ಎಂದಳು.

"ಇಲ್ಲ ಚಿಕ್ಕಮ್ಮ, ಯೋಚನೆ ಮಾಡು. ನಿನ್ನನ್ನೇ ಮಾರಿದೋನು ನಾನು. ಪ್ರಯೋಜನಕ್ಕೆ ಬರೋನು ಯಾರಾದ್ರೂ ಹಿಂಗೆ ಮಾಡ್ತಾನಾ?"

"ಹನ್ನೊಂದು ವರ್ಷ ಆಯ್ತು," ನೂರ್‌ಜಾನ್ ಅಕ್ಕ ಪಕ್ಕದಿಂದ ಹೇಳಿದಳು. "ಇವನು ಕಟ್ಟಿದ ಗಂಟು ಒಂದೂ ಬಿಚ್ಚಿಲ್ಲ. ನನ್ನ ತಲೆ ಮೇಲೆ ದಿನಾ ಬೀರು ತೇಲುತ್ತೆ. ಬೀಳುತ್ತೇನೋ ಅಂತ ನಾನು ಒಂದು ದಿನಾನೂ ಮೇಲೆ ನೋಡಿಲ್ಲ. ಯಾಕೆ ನೋಡಿಲ್ಲ ಅಂದ್ಕೊಂಡಿದ್ದೀಯ?"

"ಅದು ದಾರ ಗಟ್ಟಿ ಇರುತ್ತೆ ಅಕ್ಕ..."

"ಈ ವಿವರ ಓದೇ ನಾನು ಕೊಂಡದ್ದು," ಎಂದರು ಪುಟ್ಟಮಾದಪ್ಪನವರು. "ಆರು ದಿನ ಇಷ್ಟು ಜನ ಸೇರಿ ಕೆದಕಿದ್ವಿ. ಒಂದು ಗ್ರಾಂ ತಪ್ಪು ಸಿಗ್ಲಿಲ್ಲ."

"ಅದೇ ತೊಂದರೆ ಆಗಿದ್ದು ಸಾರ್..."

"ಬಾಯ್ಮುಚ್ಚೋ," ಎಂದಳು ಚಿಕ್ಕಮ್ಮ. ಸೌಟನ್ನು ನನ್ನ ಎದೆಗೆ ಗುರಿಯಿಟ್ಟು ಹಿಡಿದಿದ್ದಳು. "ಮೂರು ತಿಂಗಳು ಈ ಊರಲ್ಲಿ ನನ್ನ ಒಬ್ರೂ ಕರೀಲಿಲ್ಲ. ದಿನಾ ನನ್ನ ಮುಂದೆ ತಟ್ಟೆ ಹಿಡಿದು 'ಉಪ್ಪು ನೋಡು ಚಿಕ್ಕಮ್ಮ' ಅಂತಿದ್ದೋನು ಯಾರು? ಉಪ್ಪು ಸರಿಯಾಗಿದೆ ಅಂತ ಅವನಿಗೂ ಗೊತ್ತು, ನನಗೂ ಗೊತ್ತು. ಆದ್ರೂ ದಿನಾ ಹಿಡಿದ. ದಿನಾ ನೋಡಿದೆ. ಅಷ್ಟರಲ್ಲೇ ಮೂರು ತಿಂಗಳು ಬದುಕಿದೀನಿ ಕಣೋ ನಾನು."

ಪುಟ್ಟಮಾದಪ್ಪನವರು ಎದ್ದು ಹೊಸ್ತಿಲ ಮೇಲೆ ನೆಟ್ಟಗೆ ನಿಂತು, ಟವೆಲ್ಲನ್ನು ಹೆಗಲಿಂದ ತೆಗೆದು, ದೇವರ ಮುಂದೆ ಹೇಳುವವರ ಹಾಗೆ ಹೇಳಿದರು. "ನಲವತ್ತೊಂದನೇ ಕಲಂ. ಪ್ರಯೋಜನಕ್ಕೆ ಬರುವವನಲ್ಲ ಅಂತ ಬರೆದಿದೆ. ಬರುತ್ತಾನೆ. ವಿವರಕ್ಕೂ ಸಾಮಾನಿಗೂ ಹೊಂದಲ್ಲ. ವಾಪಸ್ ಕಳಿಸ್ತಿದ್ದೀನಿ."

"ಸಾರ್, ಇನ್ನೊಂದು ಸಲ ಯೋಚನೆ ಮಾಡಿ, ಅದು ನಿಜವಾಗ್ಲೂ..." ಎಂದು ನಾನು ಶುರುಮಾಡುವಷ್ಟರಲ್ಲಿ ಚಿಕ್ಕಮ್ಮ ಸೌಟಿನ ಸಮೇತ ಎದ್ದಳು. ಗೇಣಲ್ಲ, ಮೊಳವಲ್ಲ. ಏಳು ದಿನ ಹಿಡಿದಿಟ್ಟದ್ದನ್ನು ಒಟ್ಟಿಗೆ ಬಿಟ್ಟ ಹಾಗೆ ಸರ್ರನೆ ಹೋದಳು. ದಾರ ಕಟ್ಟಿರಲಿಲ್ಲ! ಎಲ್ಲರೂ ಹೋ ಎಂದರು. ನನ್ನ ಕೈ ಯಾವಾಗ ಜೇಬಿಗೆ ಹೋಯಿತೋ, ದಾರದ ಉಂಡೆ ಯಾವಾಗ ಬಿಚ್ಚಿಕೊಂಡಿತೋ ನನಗೆ ಗೊತ್ತಿಲ್ಲ. ಒಂದು ಕುಣಿಕೆ ಹಾಕಿ ಎಸೆದೆ. ಅದು ಹೋಗಿ ಸೌಟು ಹಿಡಿದ ಅವಳ ಮುಂಗೈಗೆ ಬಿದ್ದು ಬಿಗಿಯಿತು. ಮೆಸ್ಸಿನ ಹೆಂಚಿಗಿಂತ ಎರಡಾಳು ಮೇಲೆ ಅವಳು ನಿಂತಳು.

ಆಮೇಲೆ ನೂರ್‌ಜಾನ್ ಅಕ್ಕ ತಲೆಯೆತ್ತದೆಯೇ, "ಇನ್ನೂ ವಾದ ಮಾಡ್ತೀಯಾ?" ಎಂದಳು.

ಊಟಕ್ಕೆ ಬಂದವರೆಲ್ಲ ಕುಣಿದರು. ಪುಟ್ಟಮಾದಪ್ಪನವರು ನಗುತ್ತ ಅಳುತ್ತ ಮೇಲೆ ನೋಡಿ ಕೂಗಿದರು. "ಅಮ್ಮಾವ್ರೇ, ನಾಳೆ ಹತ್ತು ಗಂಟೆಗೆ ಹಳದಿ ಚೀಟಿ ಕಳಿಸ್ತೀನಿ!"

"ಕಳ್ಸಿ! ಅನ್ನ ಬಸಿದಿದ್ದೀನಿ, ತಣ್ಣಗಾಗೋ ಮೊದ್ಲು ಬಡಿಸಿ!"

ದಾರ ಹಿಡಿದು ಮನೆಯ ಕಡೆಗೆ ಹೊರಟೆ. ತಿರುವಿನಲ್ಲಿ, ಮೊದಲ ದಿನ ಅವಳ ಕಾಲು ಭಾರವಾದ ಜಾಗದಲ್ಲಿ, ಒಂದು ಸಲ ಮೇಲೆ ನೋಡಿದೆ. ಅವಳು ತಿರುವು ದಾಟಿ ತೇಲಿದಳು. ಬೀದಿದೀಪಗಳು ಹತ್ತತೊಡಗಿದ್ದವು. ಅವಳು ಒಂದೊಂದು ಕಂಬ ಬಂದಾಗಲೂ ಅದರ ತಲೆಯನ್ನು ಸೌಟಿನಿಂದ ಮೆಲ್ಲಗೆ ತಟ್ಟುತ್ತಿದ್ದಳು. ನಾನು ಕೆಳಗಿನಿಂದ ಕ್ಷಮೆ ಕೇಳುತ್ತಲೇ ಇದ್ದೆ. ಮನೆಗೆ ಹೋದ ಕೂಡಲೇ ಸೇವೆಯ ಫಾರಮಿನಲ್ಲೇ ಹಾಕುತ್ತೇನೆ, ಮೂರೇ ಸಾಲು, ಎರಡು ಸಲ ಓದಿ, ಅಲ್ಲ, ಮೂರು ಸಲ ಓದಿ...

"ಆ ಫೋನು ಕೊಡೋ ಇಲ್ಲಿ," ಎಂದಳು.

"ಯಾಕೆ ಚಿಕ್ಕಮ್ಮ?"

"ಕೊಡು ಅಂದೆ."

ಫೋನನ್ನು ದಾರಕ್ಕೆ ಕಟ್ಟಿ ಮೇಲಕ್ಕೆ ಕಳಿಸಿದೆ. ಅವಳು ಒಂದೇ ಬೆರಳಿನಿಂದ ಒತ್ತುತ್ತ ಬಹಳ ಹೊತ್ತು ಬರೆದಳು. ಬಾಯಲ್ಲಿ ಏನೋ ಗುನುಗುತ್ತಿದ್ದಳು. ನಾವು ಬಸ್ ಸ್ಟ್ಯಾಂಡ್ ದಾಟಿದೆವು, ಡೆಲಿವರಿ ಅಂಗಳ ದಾಟಿದೆವು. ಅವಳು ಓದಿ ಹೇಳಿದಳು.

"ಹೆಸರು: ಗುರುಮಲ್ಲು. ಕೆಲಸ: ಇರೋದನ್ನ ಇದ್ದ ಹಾಗೆ ಬರೆಯೋದು. ಯಾಕೆ ಕರೆಯಬೇಕು: ಇವನು ಇದುವರೆಗೆ ಒಂದೇ ಒಂದು ಸುಳ್ಳು ಬರೆದಿದ್ದಾನೆ, ಅದೂ ತನ್ನ ಬಗ್ಗೇನೇ."

"ಚಿಕ್ಕಮ್ಮ, ಬೇಡ, ಒತ್ತಬೇಡ. ಯಾರು ಕರೀತಾರೆ? ಎಲ್ಲರೂ ನಗ್ತಾರೆ. ಮೊದಲು ಒಂದು ಸಲ ನನಗೆ ತೋರಿಸು, ತಿದ್ದಿ ಕೊಡ್ತೀನಿ..."

ಮೇಲೆ ಟಿಂಗ್ ಎಂದಿತು. "ಮೆಸ್ಸಿನೋರು," ಎಂದಳು. "ತಿಂಗಳ ಊಟದ ಚಂದಾಕ್ಕೆ ವಿವರ ಬರೆಸ್ಬೇಕಂತೆ." ಇನ್ನೊಂದು ಟಿಂಗ್. "ಇದು ನಮ್ಮ ಟೀಚರಮ್ಮ. ರಂಗೋಲಿಗೆ." ಅವಳಿಗೆ ನಗು ತಡೆಯಲಾಗಲಿಲ್ಲ.

ನಾನು ಇನ್ನೂ ಏನೋ ಹೇಳುತ್ತ, ಬೇಡ ಎನ್ನುತ್ತ, ಅವಳ ದಾರವನ್ನು ಎರಡು ಕೈಯಲ್ಲಿ ಹಿಡಿದು ನಡೆಯುತ್ತಿದ್ದೆ. ಎದುರಿನಿಂದ ಬಂದ ಇಬ್ಬರು ನನ್ನ ಕಾಲಿನ ಕಡೆ ನೋಡಿ, ಮಾತು ನಿಲ್ಲಿಸಿ, ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಯಾಕೆ ಬಿಟ್ಟರು ಎಂದು ಹತ್ತು ಹೆಜ್ಜೆ ಯೋಚಿಸಿದೆ. ಆಮೇಲೆ ಗಮನಿಸಿದೆ, ನನ್ನ ಚಪ್ಪಲಿ ಸದ್ದು ಮಾಡುತ್ತಿರಲಿಲ್ಲ.